ಅರ್ಲ್‌ನ ತೋಟ, ಅಲಿ ಬರೀದನ ಕಟ್ಟಿ

ಟ್ರಾಮು ಸುರಂಗದೊಳಗೆ ನುಗ್ಗಿದ ಕೂಡಲೇ ಅಪ್ಪ ಕೇಳಿದರು, "ಗುಡ್ಡ ಎಲ್ಲೂ ಕಾಣ್ಲಿಲ್ಲಲ್ಲೋ, ಸುರಂಗ ಯಾಕ ಹೊಡದಾರ?"

ಗುಡ್ಡಕ್ಕಲ್ಲ, ಮೇಲಿನ ಸಾಹೇಬನಿಗಾಗಿ. ಮ್ಯಾಂಚೆಸ್ಟರಿನಿಂದ ಬೆರಿ (Bury) ಎಂಬ ಊರಿಗೆ ಹೋಗುವ, ಈಗ ಟ್ರಾಮು ಓಡುವ ಈ ರೈಲು ಹಳಿ ಹಾಕುವಾಗ ಇಲ್ಲಿನ ಜಮೀನುದಾರ ವಿಲ್ಟನ್ ಅರ್ಲ್ ಒಂದು ಷರತ್ತು ಹಾಕಿದ್ದ: ರೈಲು ತನ್ನ ಎಸ್ಟೇಟಿನ ಅಡಿಯಿಂದ ಹೋಗಬೇಕು, ಬಯಲ ಮೇಲಿಂದಲ್ಲ. ಅಪ್ಪನಿಗೆ ತಕ್ಷಣ ಅರ್ಥವಾಯಿತು. "ನಮ್ಮ ನಿಜಾಮರ ಕಾಲದ ಜಹಗೀರದಾರ ಇದ್ದಂಗ ಅನ್ನು ಮತ್ತ!"

ಸುರಂಗ ಮುಗಿದರೆ ಹೀಟನ್ ಪಾರ್ಕ್ ಸ್ಟೇಷನ್. ಬೀದರ್ ಬಿಟ್ಟು ಬಂದ ಮೇಲೆ ನನಗೆ ಅತಿ ಹೆಚ್ಚು ನಡೆದಾಡಿ ಗೊತ್ತಿರುವ ಜಾಗ ಈ ಪಾರ್ಕೇ. ಸುಮಾರು 600 ಎಕರೆ. 1902ರಲ್ಲಿ ಊರ ಪಾಲಿಕೆ 2,30,000 ಪೌಂಡ್ ಕೊಟ್ಟು ಅರ್ಲ್‌ನಿಂದ ಕೊಂಡುಕೊಂಡಿತು. ಗಿರಣಿ ಹೊಗೆಯಲ್ಲಿ ದುಡಿಯುವ ಮಂದಿಗೆ ಭಾನುವಾರ ಉಸಿರಾಡಲು ಒಂದು ಬಯಲು ಬೇಕಿತ್ತು. ಕೊಂಡದ್ದು ಬಯಲನ್ನು. ಬಂಗಲೆ ಜೊತೆಗೆ ಬಂದದ್ದು, ತರಕಾರಿ ಕೊಂಡರೆ ಕೊತ್ತಂಬರಿ ಬಂದಹಾಗೆ.

ಆ ಕೊತ್ತಂಬರಿಯೋ, 1772ರಲ್ಲಿ ಜೇಮ್ಸ್ ವೈಯಟ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ್ದು. ಇವತ್ತು ಆ ಕಟ್ಟಡಕ್ಕೆ ಸರ್ಕಾರದ ಅತ್ಯುನ್ನತ ದರ್ಜೆಯ ರಕ್ಷಣೆಯಿದೆ. ಪಾಲಿಕೆ ಕೊಂಡ ಕಾಲದಲ್ಲಿ ಮಾತ್ರ ಅದರೊಳಗಿನ ಚಿತ್ರ, ಕುರ್ಚಿ, ಮೇಜುಗಳೆಲ್ಲ ಹರಾಜಿಗೆ ಹೋದವು. ಸಂಗೀತದ ಕೋಣೆಯಲ್ಲಿ 1790ರ ಒಂದು ಪೈಪ್ ಆರ್ಗನ್ ಇನ್ನೂ ಇದೆ, ಆದರೆ ನೋಡಬೇಕೆಂದರೆ ಬಾಗಿಲು ತೆರೆದಿರುವ ದಿನ ಸಿಗಬೇಕು. ವರ್ಷದ ಬಹುಪಾಲು ಬಂಗಲೆಗೆ ಬೀಗ. ಅಪ್ಪ ಕಿಟಕಿಯ ಗಾಜಿಗೆ ಅಂಗೈ ಮರೆ ಮಾಡಿ ಒಳಗೆ ಇಣುಕಿದರು. "ಖಾಲಿ ಅದ," ಅಂದರು.

ಜನರಿಗೆ ಆಡಲು ಕೊಟ್ಟದ್ದೆಲ್ಲ ಹೊರಗಿದೆ. ದೋಣಿ ಬಿಡಲು ಕೆರೆ ತೋಡಿದರು, ಗಾಲ್ಫ್ ಮೈದಾನ ಮಾಡಿದರು. 1912ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಊರ ನಡುವಿನ ಕಿಂಗ್ ಸ್ಟ್ರೀಟಿನಲ್ಲಿದ್ದ ಹಳೆಯ ಟೌನ್ ಹಾಲ್ ಕೆಡವಿದಾಗ ಅದರ ಮುಂಭಾಗದ ಕಂಬಸಾಲನ್ನು ಇಲ್ಲಿಗೆ ಹೊತ್ತು ತಂದು ಕೆರೆಯ ಹತ್ತಿರ ನಿಲ್ಲಿಸಿದರು. ಹಿಂದೆ ಕಟ್ಟಡವಿಲ್ಲ, ಬರೀ ಗಿಡ. ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ ಬಂದು, "ಮನಿ ಇಲ್ದ ಪಡಸಾಲಿ," ಅಂದರು. ಇದಕ್ಕಿಂತ ಚೆಂದಾಗಿ ಹೇಳಲು ನನಗೆ ಇಷ್ಟು ವರ್ಷದಲ್ಲಿ ಆಗಿರಲಿಲ್ಲ.

ಈ ಬಯಲಿಗೆ ದೊಡ್ಡ ಜಾತ್ರೆಗಳೂ ಹೊಸದಲ್ಲ. 1982ರಲ್ಲಿ ಪೋಪ್ ಬಂದಿದ್ದರು. 2025ರ ಜುಲೈನಲ್ಲಿ ಓಯಸಿಸ್ ತಂಡ ಐದು ರಾತ್ರಿ ಹಾಡಿತು. ಸಂಗೀತದ ಸೀಸನ್ ಬಂದಾಗ ತಗಡಿನ ಬೇಲಿ ಏಳುತ್ತದೆ, ನಾನು ದಿನಾ ನಡೆಯುವ ದಾರಿ ಮುಚ್ಚುತ್ತದೆ. ಅದು ಮುಗಿದ ಮೇಲೆ ಮಳೆ ಬಿದ್ದರಂತೂ ಹುಲ್ಲೆಲ್ಲ ಕೆಸರು. ನನಗೆ ಸಿಟ್ಟು ಬರುವುದು ನಿಜ. ಆದರೂ ಬೀಗ ಹಾಕಿದ ಬಂಗಲೆಗಿಂತ ತುಳಿದ ಹುಲ್ಲೇ ವಾಸಿ ಅಂತ ಈಗೀಗ ಅನ್ನಿಸುತ್ತಿದೆ. ಹುಲ್ಲು ಮತ್ತೆ ಚಿಗುರುತ್ತದೆ, ಹರಾಜಾದ ಚಿತ್ರ ಗೋಡೆಗೆ ತಿರುಗಿ ಬರುವುದಿಲ್ಲ.

ಅಪ್ಪನ ಮನಸ್ಸು ಆಗಲೇ ಬೀದರಿಗೆ ಹೋಗಿತ್ತು. ಬರೀದ್ ಶಾಹಿ ಉದ್ಯಾನಕ್ಕೆ ಅವರು ಬೆಳಗ್ಗೆ ವಾಕಿಂಗ್ ಹೋಗುವವರು. ಅಲ್ಲಿ ಬೀದರನ್ನು ಆಳಿದ ಸುಲ್ತಾನ ಅಲಿ ಬರೀದ್ ತಾನು ಬದುಕಿರುವಾಗಲೇ ಕಟ್ಟಿಸಿಕೊಂಡ ಗೋರಿ ಎತ್ತರದ ಕಟ್ಟೆಯ ಮೇಲೆ ನಿಂತಿದೆ. ಬೇರೆ ಗುಮ್ಮಟಗಳಂತೆ ಕತ್ತಲ ಕೋಣೆಯಲ್ಲ, ನಾಲ್ಕೂ ಕಡೆ ಕಮಾನು, ನಾಲ್ಕೂ ಕಡೆ ಗಾಳಿ. ಒಳಗೆ ಬಣ್ಣದ ಹೆಂಚಿನ ಮೇಲೆ ಪಾರ್ಸಿ ಅಕ್ಷರ. ಅದಕ್ಕೆ ಬೀಗ ಹಾಕುತ್ತೇನೆಂದರೂ ಹಾಕುವುದು ಎಲ್ಲಿ? ತೋಟದ ನಡುವೆ ಕೂತು ತೋಟವನ್ನು ನೋಡಲಿಕ್ಕೆಂದೇ ಕಟ್ಟಿದ ಗೋರಿ ಅದು. ಹಾಗಾಗಿ ಸುತ್ತಲಿನ ನೆಲವನ್ನು ಸ್ಮಾರಕದ ಅಂಚಿನಲ್ಲಿ ಉಳಿದ ಖಾಲಿ ಜಾಗ ಅಂತ ತಿಳಿದು ಕಂಡಕಂಡಲ್ಲಿ ಸಿಮೆಂಟು ಬೆಂಚು ಹಾಕುವುದು ನನಗೆ ಸರಿ ಕಾಣುವುದಿಲ್ಲ. ತೋಟವೂ ಆ ಕಟ್ಟಡದ ಪಾಲೇ. ಕಾನೂನಿನಲ್ಲಿ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಬೇಡ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು ಅಂತಿದೆ. ಗಿಡ ಎಲ್ಲಿರಬೇಕು, ನೀರು ಎಲ್ಲಿ ಹರಿಯಬೇಕು ಎಂಬುದನ್ನು ಮೀಟರಿನಲ್ಲಿ ಅಳೆಯಲಾಗದು.

"ಹುಡುಗರು ಪರೀಕ್ಷಾಕ್ಕ ಓದ್ಲತ್ತಿರ್ತಾರ ಆ ಕಟ್ಟಿ ಮ್ಯಾಲ," ಅಂದರು ಅಪ್ಪ. "ಕಾವಲಗಾರ ಸೀಟಿ ಊದ್ತಾನ. ಅವ್ರು ಇಳಿತಾರ, ಅವ ಅತ್ಲಾಗ ಹೋದ್ರ ಮತ್ತ ಏರ್ತಾರ."

ಅಷ್ಟರಲ್ಲಿ ನಾವು ಪಾರ್ಕಿನ ದಿಬ್ಬದ ತುದಿಗೆ ಬಂದಿದ್ದೆವು. ಅಲ್ಲಿ ವೈಯಟ್‌ನದೇ ಇನ್ನೊಂದು ಸಣ್ಣ ದುಂಡು ಮಂಟಪ. ಇಬ್ಬರು ಹುಡುಗರು ಕಂಬ ತಬ್ಬಿಕೊಂಡು ಮೇಲೇರಲು ನೋಡುತ್ತಿದ್ದರು. ಒಬ್ಬನ ಕೈಯಲ್ಲಿ ಮಾರ್ಕರ್ ಪೆನ್ನು. ನಾನು ಗದರಿಸಿದೆ, ಅವರು ನಗುತ್ತ ಓಡಿದರು. ಈ ಮಕ್ಕಳಿಗೆ ಹಳೆಯದರ ಬೆಲೆ ಗೊತ್ತಿಲ್ಲ ಅಂತ ನಾನು ಇನ್ನೂ ಗೊಣಗುತ್ತಲೇ ಇದ್ದೆ. ಅಪ್ಪ ಮಫ್ಲರ್ ಸರಿಮಾಡಿಕೊಳ್ಳುತ್ತ ಮೆಲ್ಲಗೆ ಹೇಳಿದರು:

"ಎಂಟನೇ ಇಯತ್ತೆದಾಗ ಕೈವಾರದಿಂದ ಕೆತ್ತಿದ್ದಿ ನೋಡು ನಿನ್ನ ಹೆಸರು, ಅಲಿ ಬರೀದನ ಕಟ್ಟಿ ಮ್ಯಾಲ. ಇನ್ನಾ ಅದ. ದಿನಾ ನೋಡ್ತೀನಿ."