ಇಲ್ಲದ ಎರಡನೇ ಸುತ್ತು

ಮೇ 3, 2025, ಶನಿವಾರ. ರಾತ್ರಿ 11.40

ಕೊನೆಗೂ ಐದು ರಾತ್ರಿಗಳ ಫ್ರೇಮುಗಳು ಒಂದೇ ಚಿತ್ರವಾದವು. ಏಪ್ರಿಲ್ 24, 25, 27, 28, 30. ಮೂರು ಮೂರು ನಿಮಿಷದ 220 ಫ್ರೇಮು, ಒಟ್ಟು 11 ಗಂಟೆ. 26ರಂದು ಮೋಡ ಇತ್ತು. 29ರಂದು ಮೋಡ ಇರಲಿಲ್ಲ, ನಿದ್ದೆ ಇತ್ತು.

ಗುರಿ ಎನ್‌ಜಿಸಿ 5907. ಡ್ರೇಕೊ ನಕ್ಷತ್ರಪುಂಜದಲ್ಲಿ ಅಂಚನ್ನು ನಮ್ಮ ಕಡೆ ಮಾಡಿ ನಿಂತಿರುವ ಸುರುಳಿ ಗ್ಯಾಲಕ್ಸಿ. ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರ. 1788ರಲ್ಲಿ ವಿಲಿಯಂ ಹರ್ಷೆಲ್ ಕಂಡಿದ್ದು. ತಟ್ಟೆಯನ್ನು ಪಕ್ಕದಿಂದ ನೋಡಿದ ಹಾಗೆ, ಬರೀ ಒಂದು ಗೆರೆ. ಆ ಗೆರೆ ಹಿಡಿಯೋದು ಕಷ್ಟವೇನಲ್ಲ, ಒಂದೇ ಫ್ರೇಮಿನಲ್ಲೂ ಬಂದುಬಿಡುತ್ತದೆ. ನನಗೆ ಬೇಕಿದ್ದದ್ದು ಅದರ ಪಕ್ಕದಲ್ಲಿ ಹಾದುಹೋಗುವ ನಕ್ಷತ್ರಗಳ ತೊರೆ. ಯಾವುದೋ ಕಾಲದಲ್ಲಿ ಒಂದು ಪುಟ್ಟ ಗ್ಯಾಲಕ್ಸಿ ಇದರ ಹತ್ತಿರ ಸುಳಿದಿದೆ. ದೊಡ್ಡದರ ಸೆಳೆತಕ್ಕೆ ಸಿಕ್ಕಿ ಹಿಂಜಿಹೋಗಿದೆ. ಅದರ ನಕ್ಷತ್ರಗಳು ಹೋದ ದಾರಿಯುದ್ದಕ್ಕೂ ಚೆಲ್ಲಿವೆ, ತೂತು ಬಿದ್ದ ಚೀಲದಿಂದ ಮರಳು ಸೋರಿದ ಹಾಗೆ.

ಹತ್ತು ಗಂಟೆ ಹೊತ್ತಿಗೆ ಸ್ಟ್ಯಾಕ್, ಅಂದರೆ ಎಲ್ಲ ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸೋದು, ಮುಗಿಯಿತು. ಹಿನ್ನೆಲೆಯ ಗ್ರೇಡಿಯಂಟ್ (ಒಂದು ಕಡೆಯಿಂದ ಇನ್ನೊಂದು ಕಡೆಗೆ ಏರಿಳಿಯುವ ಆಕಾಶದ ಬೆಳಕು) ತೆಗೆದೆ, ಮಸುಕಾದದ್ದು ಎದ್ದು ಕಾಣಲೆಂದು ಸ್ಟ್ರೆಚ್ ಮಾಡಿದೆ, ಇನ್ನಷ್ಟು ಸ್ಟ್ರೆಚ್ ಮಾಡಿದೆ. ತೊರೆ ಬಂತು! ಮಸುಕು ಮಸುಕಾಗಿ, ಬಿಲ್ಲಿನ ಹಾಗೆ ಬಾಗಿಕೊಂಡು. ಇನ್ನೂ ಸ್ವಲ್ಪ ಎಳೆದಾಗ ಆಚೆ ಬದಿಯಲ್ಲಿ ಎರಡನೇ ಸುತ್ತೂ ಕಾಣಿಸಿತು. ಕುರ್ಚಿಯಿಂದ ಎದ್ದು, ಸ್ವಲ್ಪ ಓಡಾಡಿ, ಬಂದು ಮತ್ತೆ ನೋಡಿದೆ. ಇತ್ತು.

ಎರಡು ಸುತ್ತು. 150 ಮಿಲಿಮೀಟರ್ ಕನ್ನಡಿಯ ಪುಟ್ಟ ನ್ಯೂಟೋನಿಯನ್ ದೂರದರ್ಶಕದಲ್ಲಿ! ಈಗ ಮಲಗಬೇಕು, ನಿದ್ದೆ ಬರುವ ಲಕ್ಷಣ ಇಲ್ಲ.

ಮೇ 4, ಭಾನುವಾರ. ಸಂಜೆ

ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಎರಡನೇ ಸುತ್ತು ಅಲ್ಲಿ ಇರಬಾರದು.

ಈ ತೊರೆಯ ಒಂದು ತುಣುಕು ಮೊದಲು ಕಂಡಿದ್ದು 1998ರಲ್ಲಿ. 2008ರಲ್ಲಿ ಡೇವಿಡ್ ಮಾರ್ಟಿನೆಜ್-ಡೆಲ್ಗಾಡೊ ಮತ್ತು ಜೊತೆಗಾರರು, ಹವ್ಯಾಸಿ ಜೇ ಗ್ಯಾಬನಿ ಅರ್ಧ ಮೀಟರ್ ದೂರದರ್ಶಕದಲ್ಲಿ ತೆಗೆದ ಚಿತ್ರ ಇಟ್ಟುಕೊಂಡು, ತೊರೆ ಗ್ಯಾಲಕ್ಸಿಯನ್ನು ಎರಡು ಸಲ ಸುತ್ತಿದೆ ಅಂತ ಬರೆದರು. ಆ ಚಿತ್ರ ನೋಡಿಯೇ ನನಗೆ ಈ ಹುಚ್ಚು ಹಿಡಿದಿದ್ದು. ಆಮೇಲೆ 2019ರಲ್ಲಿ ಪೀಟರ್ ವಾನ್ ಡೋಕಮ್ ತಂಡ ಡ್ರ್ಯಾಗನ್‌ಫ್ಲೈನಿಂದ ಅದೇ ಜಾಗ ನೋಡಿತು. ಡ್ರ್ಯಾಗನ್‌ಫ್ಲೈ ಅಂದರೆ ದೊಡ್ಡ ಕನ್ನಡಿಯ ದೂರದರ್ಶಕ ಅಲ್ಲ. ಕ್ಯಾನನ್‌ನ 400 ಮಿಲಿಮೀಟರ್ ಟೆಲಿಫೋಟೋ ಲೆನ್ಸುಗಳನ್ನು ಗೊಂಚಲು ಕಟ್ಟಿ, ಎಲ್ಲವನ್ನೂ ಒಂದೇ ಕಡೆ ತಿರುಗಿಸಿದ್ದು. ಮಸುಕು ಬೆಳಕು ಹಿಡಿಯಲೆಂದೇ ಕಟ್ಟಿದ್ದು. ಅವರಿಗೆ ಕಂಡಿದ್ದು ಒಂದೇ ಒಂದು ಬಾಗಿದ ತೊರೆ. 45 ಆರ್ಕ್‌ಮಿನಿಟ್ ಉದ್ದ, ಹುಣ್ಣಿಮೆ ಚಂದ್ರನ ಅಗಲದ ಸುಮಾರು ಒಂದೂವರೆಯಷ್ಟು. ಎರಡನೇ ಸುತ್ತು ಇಲ್ಲವೇ ಇಲ್ಲ.

2008ರ ಕೆಲಸವನ್ನು ಕೀಳು ಮಾಡೋಕೆ ಇದನ್ನು ಹೇಳುತ್ತಿಲ್ಲ. ಮೊದಲ ಬಿಲ್ಲು ನಿಜವಾಗಿಯೂ ಅಲ್ಲಿದೆ. ಸಣ್ಣ ದೂರದರ್ಶಕದಿಂದ ಇಂಥದ್ದನ್ನು ಹಿಡಿಯಬಹುದು ಅಂತ ಧೈರ್ಯ ಕೊಟ್ಟಿದ್ದೇ ಅದು. ನನ್ನ ಕಷ್ಟ ಬೇರೆ. ಎರಡೂ ಲೇಖನ ಓದಿದ್ದೆ. 2019ರದ್ದು ತಲೆಗೆ ಹೋಯಿತು, 2008ರ ಚಿತ್ರ ಮಾತ್ರ ಕಣ್ಣಿಗೆ ಅಂಟಿಕೊಂಡಿತು. ನಿನ್ನೆ ರಾತ್ರಿ ಕೆಲಸ ಮಾಡಿದ್ದು ಕಣ್ಣು.

ಸರಿ, ಲೆಕ್ಕ ಹಾಕೋಣ ಅಂತ ಕೂತೆ. ಡ್ರ್ಯಾಗನ್‌ಫ್ಲೈ ಅಳೆದ ಪ್ರಕಾರ ತೊರೆಯ ಹೊಳಪು ಚದರ ಆರ್ಕ್‌ಸೆಕೆಂಡಿಗೆ 27.6ರಿಂದ 28.8 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಮಸುಕು). ನಾನು ಫೋಟೋ ತೆಗೆಯುವ ಜಾಗದ ಆಕಾಶ ಒಳ್ಳೆ ರಾತ್ರಿಯಲ್ಲಿ 20.5. ತೊರೆಯನ್ನು 28 ಅಂತ ಇಟ್ಟುಕೊಂಡರೆ ವ್ಯತ್ಯಾಸ 7.5. ಐದು ಮ್ಯಾಗ್ನಿಟ್ಯೂಡ್ ಅಂದರೆ ನೂರು ಪಟ್ಟು, ಏಳೂವರೆ ಅಂದರೆ ಸರಿಯಾಗಿ ಸಾವಿರ ಪಟ್ಟು. ಖಾಲಿ ಆಕಾಶದ ಬೆಳಕು ಸಾವಿರ ಪಾಲು ಇದ್ದರೆ ತೊರೆ ಅದರ ಮೇಲೆ ಒಂದು ಪಾಲು.

ನನ್ನ ಕ್ಯಾಮೆರಾದಲ್ಲಿ ಮೂರು ನಿಮಿಷಕ್ಕೆ ಒಂದು ಪಿಕ್ಸೆಲ್ಲಿಗೆ ಆಕಾಶದಿಂದ ಸುಮಾರು 160 ಎಲೆಕ್ಟ್ರಾನ್ ಬೀಳುತ್ತವೆ. ತೊರೆಯಿಂದ ಬೀಳೋದು 0.16. ಆರು ಫ್ರೇಮಿಗೆ ಒಂದು ಎಲೆಕ್ಟ್ರಾನ್! 220 ಫ್ರೇಮು ಸೇರಿಸಿದರೂ ಪಿಕ್ಸೆಲ್ಲಿಗೆ 35 ಎಲೆಕ್ಟ್ರಾನ್ ಅಷ್ಟೇ. ಆಕಾಶದ ನಾಯ್ಸ್, ಅಂದರೆ ಅದರ ಬೆಳಕಿನ ಗೊತ್ತುಗುರಿಯಿಲ್ಲದ ಏರಿಳಿತ, ಒಂದೇ 188. ಅಂದರೆ ಒಂದೊಂದೇ ಪಿಕ್ಸೆಲ್ ನೋಡಿದರೆ ತೊರೆ ಅನ್ನೋದು ಇಲ್ಲವೇ ಇಲ್ಲ. ಆದರೆ ತೊರೆ ಸುಮಾರು ಒಂದು ಆರ್ಕ್‌ಮಿನಿಟ್ ಅಗಲ ಇದೆ, ನನ್ನ ಚಿತ್ರದಲ್ಲಿ 46 ಪಿಕ್ಸೆಲ್. 46ಕ್ಕೆ 46ರ ಒಂದು ಚೌಕದ ಸರಾಸರಿ ತೆಗೆದರೆ ನಾಯ್ಸ್ 46 ಪಟ್ಟು ಇಳಿಯುತ್ತದೆ, ಸಿಗ್ನಲ್ ನಾಯ್ಸಿನ ಎಂಟೊಂಬತ್ತು ಪಟ್ಟು ಆಗುತ್ತದೆ. ಧಾರಾಳವಾಗಿ ಸಾಕು.

ಹಾಗಾಗಿ ನಾಯ್ಸ್ ನನ್ನ ವೈರಿ ಅಲ್ಲ. ಇನ್ನಷ್ಟು ಗಂಟೆ ಕೂತರೆ ನಾಯ್ಸ್ ತಾನೇ ಕಡಿಮೆ ಆಗುತ್ತದೆ. ಕೂತಷ್ಟೂ ಗಟ್ಟಿಯಾಗೋ ವೈರಿ ಬೇರೆ ಇದೆ. ಫ್ಲ್ಯಾಟ್ ಅಂದರೆ ಸಮನಾದ ಬೆಳಕಿಗೆ ಹಿಡಿದು ತೆಗೆದ ಫೋಟೋ, ದೂರದರ್ಶಕ ಮತ್ತು ಕ್ಯಾಮೆರಾದ ಹೆಚ್ಚುಕಡಿಮೆ ಸರಿಪಡಿಸಲು ಪ್ರತಿ ಫ್ರೇಮನ್ನೂ ಅದರಿಂದ ಭಾಗಿಸುತ್ತೇವೆ. ಅದು ಸಾವಿರಕ್ಕೆ ಒಂದು ಪಾಲು ತಪ್ಪಿದರೂ ಆ ತಪ್ಪು ತೊರೆಯಷ್ಟೇ ಪ್ರಕಾಶಮಾನವಾಗಿರುತ್ತದೆ. ಸಾಮಾನ್ಯ ಗ್ಯಾಲಕ್ಸಿ ಫೋಟೋದಲ್ಲಿ ಸಾವಿರಕ್ಕೆ ಒಂದು ಅಂದರೆ ಯಾರಿಗೂ ಗೊತ್ತೇ ಆಗಲ್ಲ. ಇಲ್ಲಿ ಅದೇ ಒಂದು ಗ್ಯಾಲಕ್ಸಿಯ ಅಂಗಾಂಗ ಆಗಿಬಿಡಬಹುದು.

ಮೊದಲ ಪರೀಕ್ಷೆ ಮಾಡಿದೆ. ಫ್ರೇಮುಗಳನ್ನು ಸರಿ ಸಂಖ್ಯೆ, ಬೆಸ ಸಂಖ್ಯೆ ಅಂತ ಎರಡು ಗುಂಪು ಮಾಡಿ ಬೇರೆ ಬೇರೆ ಸ್ಟ್ಯಾಕ್ ಮಾಡೋದು. ಎರಡರಲ್ಲೂ ಕಂಡರೆ ನಿಜ, ಒಂದರಲ್ಲಿ ಮಾತ್ರ ಕಂಡರೆ ಸುಳ್ಳು. ಎಲ್ಲರೂ ಹೇಳೋ ಪರೀಕ್ಷೆ ಇದು. ಎರಡನೇ ಸುತ್ತು ಎರಡರಲ್ಲೂ ಕಂಡಿತು! ಅರ್ಧ ಗಂಟೆ ಮತ್ತೆ ಸಂಭ್ರಮ. ಡ್ರ್ಯಾಗನ್‌ಫ್ಲೈಯನ್ನೇ ಸುಳ್ಳು ಮಾಡಿದ ಹವ್ಯಾಸಿ ಅಂತ ಮನಸ್ಸಿನಲ್ಲೇ ಒಂದು ತಲೆಬರಹ ಕೂಡ ಬರೆದುಕೊಂಡೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಮಧ್ಯಾಹ್ನ ತಲೆ ತಣ್ಣಗಾಯಿತು. ಸರಿ-ಬೆಸ ಹಿಡಿಯೋದು ನಾಯ್ಸನ್ನು ಮಾತ್ರ ಅಲ್ವಾ? ಎರಡೂ ಗುಂಪಿಗೆ ಹಾಕಿದ್ದು ಒಂದೇ ಫ್ಲ್ಯಾಟ್. ಫ್ಲ್ಯಾಟೇ ಕೆಟ್ಟಿದ್ದರೆ ಎರಡರಲ್ಲೂ ಒಂದೇ ಸುಳ್ಳು ಬರುತ್ತದೆ. ಒಂದೇ ಸುಳ್ಳನ್ನು ಇಬ್ಬರ ಬಾಯಲ್ಲಿ ಕೇಳಿ ಸಾಕ್ಷಿ ಸಿಕ್ಕಿತು ಅಂದುಕೊಂಡಿದ್ದೆ.

ಬೇರೆ ಥರ ಒಡೆಯಬೇಕಿತ್ತು. ಗ್ಯಾಲಕ್ಸಿ ನೆತ್ತಿಯ ಗೆರೆ ದಾಟುವಾಗ, ಏಪ್ರಿಲ್ ಕೊನೆಗೆ ರಾತ್ರಿ ಸುಮಾರು ಒಂದು ಗಂಟೆಗೆ, ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಯಂತ್ರ) ಪೂರ್ತಿ ತಿರುಗಿ ಇನ್ನೊಂದು ಕಡೆಯಿಂದ ನೋಡಲು ಶುರು ಮಾಡುತ್ತದೆ. ಮೆರಿಡಿಯನ್ ಫ್ಲಿಪ್. ಆಗ ಆಕಾಶ ಸೆನ್ಸರ್ ಮೇಲೆ ತಲೆಕೆಳಗಾಗುತ್ತದೆ. ದೂರದರ್ಶಕದ ತಪ್ಪು ಸೆನ್ಸರಿನ ಜೊತೆ ಉಳಿಯುತ್ತದೆ, ಆಕಾಶದಲ್ಲಿ ಇರೋದು ಆಕಾಶದ ಜೊತೆ ತಿರುಗುತ್ತದೆ. ಫ್ಲಿಪ್‌ಗೆ ಮುಂಚಿನ 150 ಫ್ರೇಮು ಒಂದು ಗುಂಪು, ಆಮೇಲಿನ 70 ಇನ್ನೊಂದು. (ಎರಡು ಗಂಟೆಗೆ ನಾನು ಮಲಗುವವನು, ಅದಕ್ಕೇ 70.)

ಗ್ರೇಡಿಯಂಟ್ ತೆಗೆಯಲಿಲ್ಲ, ಸ್ಟ್ರೆಚ್ ಮಾಡಲಿಲ್ಲ, ಸುಮ್ನೆ ಚೌಕ ಇಟ್ಟು ಅಕ್ಕಪಕ್ಕದ ಆಕಾಶಕ್ಕೆ ಹೋಲಿಸಿ ಅಳೆದೆ. ಆಕಾಶದ ಬೆಳಕಿನ ಸಾವಿರದ ಪಾಲಿನಲ್ಲಿ ಹೇಳುವುದಾದರೆ, ಮೊದಲ ಬಿಲ್ಲು ಫ್ಲಿಪ್‌ಗೆ ಮುಂಚೆ 1.1, ಆಮೇಲೆ 0.9. ಎರಡನೇ ಸುತ್ತು ಮುಂಚೆ 1.0. ಆಮೇಲೆ ಮೈನಸ್ 0.5.

ಮೈನಸ್. ಸುತ್ತು ಇದ್ದ ಜಾಗದಲ್ಲಿ ಕಪ್ಪು ಕಲೆ. 150 ಮತ್ತು 70 ಅಂತ ಗುಂಪು ಅಸಮ ಇದ್ದದ್ದಕ್ಕೆ ಕೂಡಿಸಿದಾಗ ಬೆಳಕು ಗೆದ್ದಿತ್ತು, ಅಷ್ಟೇ. ನಾನು ಪ್ರತಿ ರಾತ್ರಿ ನಾಲ್ಕರವರೆಗೆ ಕೂತಿದ್ದರೆ ಎರಡೂ ಒಂದಕ್ಕೊಂದು ಸಾಕಷ್ಟು ವಜಾ ಆಗಿ, ಈ ಸುತ್ತು ಇಷ್ಟು ಚೆಂದ ಕಾಣುತ್ತಲೇ ಇರಲಿಲ್ಲ.

ಫ್ಲ್ಯಾಟ್ ತೆಗೆದಿದ್ದು ಮುಂಜಾನೆಯ ಆಕಾಶದಲ್ಲಿ, ಅವಸರದಲ್ಲಿ. ನ್ಯೂಟೋನಿಯನ್ ಕೊಳವೆಯ ಹಿಂಬದಿ ತೆರೆದೇ ಇತ್ತು, ಫೋಕಸರ್ ಪಕ್ಕದಿಂದಲೂ ಬೆಳಕು ಒಳಗೆ ಸೋರಿದೆ. ಹಾಗಾಗಿ ಫ್ಲ್ಯಾಟಿನ ಒಂದು ಬದಿ ಇರಬೇಕಾದ್ದಕ್ಕಿಂತ ಒಂಚೂರು ಜಾಸ್ತಿ ಬೆಳ್ಳಗಿತ್ತು. ಅದರಿಂದ ಭಾಗಿಸಿದಾಗ ಚಿತ್ರದ ಆ ಬದಿ ಒಂಚೂರು ಕಪ್ಪಾಗಿ, ಎದುರು ಬದಿ ಬೆಳ್ಳಗೆ ಉಳಿಯುತ್ತದೆ.

ಆದರೆ ಸೋರಿದ ಬೆಳಕು ಅಗಲವಾಗಿ ಹರಡುತ್ತದೆ. ಅದಕ್ಕೆ ಸುತ್ತಿನ ಆಕಾರ ಬಂದಿದ್ದು ಹೇಗೆ? ನಿನ್ನೆ ರಾತ್ರಿಯ ಕಡತ ತೆರೆದೆ. ನಾನು ಬಳಸೋದು ಸಿರಿಲ್ ಅನ್ನೋ ತಂತ್ರಾಂಶ. ಗ್ರೇಡಿಯಂಟ್ ತೆಗೆಯುವಾಗ ಚಿತ್ರದ ಮೇಲೆ ಪುಟ್ಟ ಹಸಿರು ಚೌಕಗಳನ್ನು ಇಡಬೇಕು, ಇಲ್ಲೆಲ್ಲ ಬರೀ ಆಕಾಶ ಇದೆ ಅಂತ ಹೇಳುವುದಕ್ಕೆ. ಗ್ಯಾಲಕ್ಸಿಯ ಮೇಲೆ ಇಡಬಾರದು, ತೊರೆಯ ಮೇಲೂ ಇಡಬಾರದು, ಇಟ್ಟರೆ ತೊರೆಯನ್ನೇ ಆಕಾಶ ಅಂದುಕೊಂಡು ಅಳಿಸಿಬಿಡುತ್ತದೆ. ನಾನು ತುಂಬಾ ಜಾಣತನದಿಂದ, ತೊರೆಗೆ ಪೆಟ್ಟಾಗದ ಹಾಗೆ, ಒಂದೊಂದೇ ಚೌಕವನ್ನು ಕೈಯಿಂದ ಅಳಿಸಿದ್ದೆ. ಚಿತ್ರವನ್ನು ಮರೆಮಾಡಿ ಬರೀ ಚೌಕಗಳನ್ನು ನೋಡಿದೆ. ಹಸಿರು ಚುಕ್ಕೆಗಳ ನಡುವೆ ಒಂದು ಖಾಲಿ ದಾರಿ. ಗ್ಯಾಲಕ್ಸಿಯ ಒಂದು ತುದಿಯಿಂದ ಹೊರಟು, ಅಗಲವಾಗಿ ಬಳಸಿ, ಇನ್ನೊಂದು ತುದಿಗೆ ಬಂದು ಸೇರುತ್ತದೆ. ಎರಡನೇ ಸುತ್ತು! ಫ್ಲ್ಯಾಟಿನ ತಪ್ಪಿನಿಂದ ಬಂದ ಸುಳ್ಳು ಬೆಳಕನ್ನು ಎಲ್ಲ ಕಡೆ ಒರೆಸಿ, ಆ ದಾರಿಯಲ್ಲಿ ಮಾತ್ರ ಉಳಿಸಿದ್ದೆ. ಅದರ ಮೇಲೆ ನಾಯ್ಸ್ ತೆಗೆಯುವ ಎಐ ಓಡಿಸಿದ್ದೆ, ಅದು ಬಿಡಿ ಬಿಡಿ ಕಲೆಗಳನ್ನು ನುಣ್ಣಗೆ ಒಂದು ಎಳೆಯಾಗಿ ಸೇರಿಸಿಕೊಟ್ಟಿತು.

ಯಾವ ಕ್ಷಣದಲ್ಲೂ ಸುಳ್ಳು ಹೇಳಬೇಕು ಅಂತ ಇರಲಿಲ್ಲ. ಬ್ರಷ್ ಮುಟ್ಟಿಲ್ಲ, ಯಾರದೋ ಚಿತ್ರ ತಂದು ಅಂಟಿಸಿಲ್ಲ. ಆದರೂ 2008ರ ಚಿತ್ರವನ್ನು ಬಿಡಿಸಿದ್ದು ನಾನೇ, ರಬ್ಬರಿನಿಂದ.

ಮೇ 5, ಸೋಮವಾರ

ಕ್ಯಾಮೆರಾ ಇನ್ನೂ ಬಿಚ್ಚಿರಲಿಲ್ಲ, ಪುಣ್ಯ. ಮುಂಜಾನೆ ಮತ್ತೆ ಫ್ಲ್ಯಾಟ್ ತೆಗೆದೆ. ಹಿಂಬದಿಗೆ ಕಪ್ಪು ಬಟ್ಟೆ ಕಟ್ಟಿ, ಫೋಕಸರ್ ಸುತ್ತಲೂ ಬಟ್ಟೆ ಸುತ್ತಿ. ನೋಡೋಕೆ ಪೆಟ್ಟು ತಿಂದು ಬ್ಯಾಂಡೇಜ್ ಹಾಕಿಸಿಕೊಂಡ ಹಾಗಿತ್ತು.

ಇನ್ನು ಮುಂದೆ ಏನು ಮಾಡಬಹುದು, ಏನು ಬೇಡ ಅಂತ ಯೋಚಿಸುತ್ತಾ ದಿನ ಕಳೆಯಿತು. ನಾನೇನೂ ಮಡಿವಂತ ಅಲ್ಲ. ಈ ಚಿತ್ರ ತೋರಿಸಿದಾಗಲೆಲ್ಲ ಯಾರಾದರೂ ಕೇಳುತ್ತಾರೆ, ನಿಜವಾಗಿ ಹೀಗೇ ಕಾಣುತ್ತಾ ಅಂತ. ಇಲ್ಲ, ಕಣ್ಣಿಗೆ ಈ ತೊರೆ ಎಂದೂ ಕಾಣಲ್ಲ, ಯಾವ ದೂರದರ್ಶಕ ಕೊಟ್ಟರೂ. ಸ್ಟ್ರೆಚ್ ಮಾಡದೆ ತೋರಿಸಿದರೆ ಕಪ್ಪು ಹಾಳೆಯ ಮೇಲೆ ನಾಲ್ಕು ಚುಕ್ಕೆ. ಎಷ್ಟು ಬೇಕಾದರೂ ಸ್ಟ್ರೆಚ್ ಮಾಡಲಿ, ಇಡೀ ಚಿತ್ರಕ್ಕೆ ಒಂದೇ ನಿಯಮ ಇದ್ದರೆ ನನ್ನ ತಕರಾರಿಲ್ಲ. ನನಗೆ ಈಗ ಭಯ ಹುಟ್ಟಿಸೋದು ಗ್ಯಾಲಕ್ಸಿಯ ಆಕಾರದ ಮಾಸ್ಕ್. ಇಲ್ಲಿ ಮಾತ್ರ ಬೆಳಕು ಹೆಚ್ಚಿಸು, ಇಲ್ಲಿ ಮಾತ್ರ ನುಣುಪು ಮಾಡು ಅಂತ ಕೈಯಿಂದ ಗೆರೆ ಎಳೆದ ತಕ್ಷಣ, ಗೆರೆ ಎಳೆದವನಿಗೆ ಗೊತ್ತಿರೋದು ಚಿತ್ರದೊಳಗೆ ಹೋಗುತ್ತದೆ. ಎಐ ನಾಯ್ಸ್ ತೆಗೆಯುವುದನ್ನು ನಕ್ಷತ್ರಗಳಿಗೆ, ಗ್ಯಾಲಕ್ಸಿಯ ಪ್ರಕಾಶಮಾನ ಭಾಗಕ್ಕೆ ಬಳಸಿದರೆ ಅಷ್ಟೇನೂ ಅಪಾಯ ಇಲ್ಲ. ಮಸುಕು ಭಾಗದಲ್ಲಿ ಬೇಡ. ಅಲ್ಲಿ ದೊರಗು ಇರಲಿ, ದೊರಗನ್ನು ನೋಡಿದರೆ ಎಷ್ಟು ನಂಬಬೇಕು ಅಂತ ನೋಡುವವರಿಗೂ ತಿಳಿಯುತ್ತದೆ.

ಹಾಗಂತ ಮಸುಕಾಗಿ ಕಂಡಿದ್ದೆಲ್ಲ ಸುಳ್ಳು ಅಂತಲೂ ಅಲ್ಲ. 2023ರ ಜನವರಿಯಲ್ಲಿ ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್, ಯಾನ್ ಸೈಂಟಿ ಎಂಬ ಹವ್ಯಾಸಿಗಳು ಆಂಡ್ರೊಮಿಡಾ ಗ್ಯಾಲಕ್ಸಿಯ ಪಕ್ಕದಲ್ಲಿ ಆಮ್ಲಜನಕದ ಬೆಳಕಿನ ಒಂದು ದೊಡ್ಡ ಬಿಲ್ಲನ್ನು ತೋರಿಸಿದರು. ಅಷ್ಟು ಜನ ಅಷ್ಟು ವರ್ಷ ಫೋಟೋ ತೆಗೆದ ಗ್ಯಾಲಕ್ಸಿ, ಯಾರಿಗೂ ಕಂಡಿರಲಿಲ್ಲ. ಮೊದಲು ಅವರಿಗೂ ಬಂದ ಅನುಮಾನ ಇದೇ, ನಮ್ಮ ದೂರದರ್ಶಕದ ಪ್ರತಿಫಲನ ಇರಬಹುದಾ ಅಂತ. ಬೇರೆಯವರ ಬೇರೆ ದೂರದರ್ಶಕಗಳಲ್ಲೂ ಅದೇ ಜಾಗದಲ್ಲಿ ಬಂದ ಮೇಲೆಯೇ ಪ್ರಕಟಿಸಿದ್ದು. ನನ್ನ ಹತ್ತಿರ ಇನ್ನೊಂದು ದೂರದರ್ಶಕ ಇಲ್ಲ. ಆದರೆ ಇದ್ದದ್ದನ್ನೇ ತಿರುಗಿಸಬಹುದು.

ಮೇ 11, ಭಾನುವಾರ

ಹೊಸ ಫ್ಲ್ಯಾಟಿನ ಜೊತೆ ಎಲ್ಲ 220 ಫ್ರೇಮನ್ನೂ ಮತ್ತೆ ಸ್ಟ್ಯಾಕ್ ಮಾಡಿದೆ. ಈ ಸಲ ಹಸಿರು ಚೌಕಗಳನ್ನು ಚಿತ್ರ ನೋಡಿ ಇಡಲಿಲ್ಲ. ಗ್ಯಾಲಕ್ಸಿಯ ಸುತ್ತ ಒಂದು ದೊಡ್ಡ ವೃತ್ತ ಬಿಟ್ಟು, ಅದರ ಹೊರಗೆ ಸಮನಾದ ಅಂತರದಲ್ಲಿ ಇಟ್ಟೆ, ಹಿನ್ನೆಲೆಗೆ ಬರೀ ಮೊದಲ ಡಿಗ್ರಿಯ ಇಳಿಜಾರು ಹೊಂದಿಸಿದೆ. ಮೂಲೆಗಳಲ್ಲಿ ಸ್ವಲ್ಪ ಕೊಳಕು ಉಳಿದಿದೆ, ಉಳಿಯಲಿ. ಮೊದಲ ಬಿಲ್ಲು ಫ್ಲಿಪ್‌ನ ಎರಡೂ ಕಡೆ 1.0ರ ಆಸುಪಾಸು. ಎರಡನೇ ಸುತ್ತಿನ ದಾರಿಯಲ್ಲಿ ಮುಂಚೆ 0.1, ಆಮೇಲೆ 0.0. ಅಲ್ಲಿ ಆಕಾಶ ಬಿಟ್ಟು ಬೇರೇನೂ ಇಲ್ಲ.

ಚಿತ್ರವನ್ನು ಒಬ್ಬ ಗೆಳೆಯನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, ಈ ಕಡೆ ಉಗುರಿನ ಗೀರಿನ ಹಾಗೆ ಏನೋ ಇದೆ, ಒರೆಸಲಾ ಅಂತ ಸ್ಕ್ರೀನಿನ ಹತ್ತಿರ ಬೆರಳು ತಂದ. ನಾನು ತೋರಿಸುವ ಮೊದಲೇ ಅವನಿಗೆ ಕಂಡಿದೆ! ಅಷ್ಟು ಖುಷಿ ಎರಡು ಸುತ್ತು ಕಂಡ ರಾತ್ರಿಯೂ ಆಗಿರಲಿಲ್ಲ.

ನಾಳೆ ಹುಣ್ಣಿಮೆ. ಚಂದ್ರ ಇಳಿಯುವವರೆಗೆ ಹೊರಗೆ ಕೆಲಸ ಇಲ್ಲ. ಇವತ್ತು ಕ್ಯಾಮೆರಾ ಬಿಚ್ಚಿ 90 ಡಿಗ್ರಿ ತಿರುಗಿಸಿ ಕೂರಿಸಿದ್ದೇನೆ, ಕಪ್ಪು ಬಟ್ಟೆಗೆ ಎಲಾಸ್ಟಿಕ್ ಹೊಲಿದಿದ್ದೇನೆ. ಈ ಸಲ ನಾಲ್ಕು ಗಂಟೆಯವರೆಗೆ ಕೂರಬೇಕು.