ಏಳ್ತೀವಿ, ಎಲ್ಲಿ ಕುಂದ್ರಬೇಕು?

"ಸಾಹೇಬ್ರ, ಏಳಂದ್ರ ಏಳ್ತೀವಿ. ಎಲ್ಲಿ ಕುಂದ್ರಬೇಕು, ಅದನ್ನಷ್ಟು ಹೇಳ್ರಿ."

"ಅದು ನಮ್ಮ ಇಲಾಖಿಗೆ ಬರಂಗಿಲ್ಲ ಯಮ್ಮಾ."

ಈ ವಾರ ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ತಾಡಪತ್ರಿ ಗುಡಿಸಲು ಹಾಕಿಕೊಂಡಿದ್ದ ಯಮ್ಮನಿಗೂ, ಅದನ್ನು ತೆರವು ಮಾಡಿಸಲು ಬಂದ ನೀರಾವರಿ ಇಲಾಖೆ ಎಂಜಿನಿಯರಿಗೂ ನಡೆದ ಮಾತು ಇಷ್ಟೇ. ಎಂಜಿನಿಯರು ಕೆಟ್ಟವರೇನಲ್ಲ, ದನಿ ಏರಿಸಲೇ ಇಲ್ಲ. ಏರಿ ಮೇಲೆ ಜೆಸಿಬಿಗೆ ದಾರಿ ಇಲ್ಲದಿದ್ದರೆ ಹೂಳು ತೆಗೆಯೋದು ಹೆಂಗೆ? ಏರಿ ಒಡೆದರೆ ಭತ್ತದ ಗದ್ದೆಗಿಂತ ಮೊದಲು ಹೋಗುವುದು ಆ ತಾಡಪತ್ರಿ ಗುಡಿಸಲೇ. ಅವರು ಹೇಳಿದ್ದು ಸರಿ. ಆದರೆ ಯಮ್ಮನ ಪ್ರಶ್ನೆಗೆ ಅದು ಉತ್ತರವಲ್ಲ.

ಗುಡಿಸಲಿನವರನ್ನು ನೋಡಿ "ಪುಕ್ಕಟ ಜಾಗ ಸಿಕ್ಕರ ಯಾರು ಬಿಡ್ತಾರ್ರಿ" ಎಂದ ಅಂಗಡಿಯವರ ಮೆಟ್ಟಿಲು ಚರಂಡಿ ದಾಟಿ ರಸ್ತೆಗೆ ಬಂದಿದೆ. ಅದಕ್ಕೆ ನೋಟಿಸಿಲ್ಲ.

ಒತ್ತುವರಿ ಎಲ್ಲಾ ಒಂದೇ ಅಲ್ಲ. 1964ರ ಭೂಕಂದಾಯ ಕಾಯ್ದೆಯೇ ಸರ್ಕಾರಿ ಜಾಗದ ಮನೆಗಳ ಸಕ್ರಮಕ್ಕೆ ಹಳ್ಳಿಗೆ 94ಸಿ, ಪಟ್ಟಣಕ್ಕೆ 94ಸಿಸಿ ಎಂಬ ಕಲಂಗಳಲ್ಲಿ ದಾರಿ ಇಟ್ಟಿದೆ. ಊರ ಸಾಮೂಹಿಕ ಜಾಗ ತೆರವು ಮಾಡಿ ಎಂದು 2011ರಲ್ಲಿ ಹೇಳಿದ ಸುಪ್ರೀಂ ಕೋರ್ಟ್ ಕೂಡ ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ವಿನಾಯಿತಿಗೆ ಅವಕಾಶ ಬಿಟ್ಟಿತ್ತು. ಕಾಲುವೆ, ಕೆರೆ, ರಸ್ತೆ ಜಾಗಕ್ಕೆ ಬಂದರೆ ಮಾತ್ರ ಬಾಗಿಲು ಮುಚ್ಚಿದಂತೆಯೇ. ಕೆಡವುವ ಮೊದಲು 15 ದಿನದ ನೋಟಿಸ್ ಕೊಡಬೇಕೆಂಬ ಅದೇ ಕೋರ್ಟಿನ 2024ರ ನವೆಂಬರ್ ತೀರ್ಪು ಕೂಡ ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ನದಿ, ಜಲಮೂಲಗಳನ್ನು ಹೊರಗಿಟ್ಟಿದೆ. ಬಡವರು ಕೂರುವುದು ಅಲ್ಲೇ. ಬೇರೆ ಕಡೆ ಕೂತರೆ ಮಾಲೀಕ ಮರುದಿನವೇ ಎಬ್ಬಿಸುತ್ತಾನೆ.

ಹಾಗಾಗಿ ಮೊದಲು ಸರ್ವೆ ನಂಬರಿನ ಪಹಣಿ ತೆಗೆಸಬೇಕು. ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಬರೀ ಸರ್ಕಾರ ಅಂತಿದೆಯೋ, ನೀರಾವರಿ ಇಲಾಖೆ ಅಂತಿದೆಯೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹನ್ನೆರಡು ವರ್ಷ ಕೂತರೆ ಜಾಗ ನಮ್ಮದು ಎಂಬ ನಂಬಿಕೆ ಕ್ಯಾಂಪುಗಳಲ್ಲಿ, ಅಂದರೆ ವಲಸೆ ಬಂದವರ ವಸತಿಗಳಲ್ಲಿ, ಗಟ್ಟಿ; ಆ ಲೆಕ್ಕ ಖಾಸಗಿ ಜಮೀನಿನದು. ಸರ್ಕಾರದ ಎದುರು 30 ವರ್ಷ, ಅದೂ ಕೋರ್ಟಿನಲ್ಲಿ ಸಾಬೀತಾದರೆ.

ಸಕ್ರಮದ ಅರ್ಜಿ ಬಿದ್ದುಹೋಗುವುದು ಬಹುತೇಕ ವಿಳಾಸದ ಕಾರಣಕ್ಕೆ. ನಾಟಿಗೆಂದು ಬಂದು ಇಲ್ಲೇ ಉಳಿದವರ ರೇಷನ್ ಕಾರ್ಡು, ವೋಟರ್ ಕಾರ್ಡು ಹಳೇ ಊರಿನವು. ಗೊತ್ತುಮಾಡಿದ ದಿನಾಂಕಕ್ಕಿಂತ ಮುಂಚೆ ಇಲ್ಲೇ ಮನೆ ಇತ್ತು ಎನ್ನಲು ಹಳೇ ಕರೆಂಟ್ ಬಿಲ್ಲೋ, ಪಂಚಾಯ್ತಿ ಕರದ ರಸೀದಿಯೋ ಬೇಕು; ಗುಡಿಸಲಿಗೆ ಮೀಟರೇ ಇರುವುದಿಲ್ಲ. ಹಕ್ಕುಪತ್ರ ಇಲ್ಲದೆ ಮನೆ ಗ್ರಾಂಟೂ ಬರುವುದಿಲ್ಲ. ಸ್ವಂತ ಜಾಗ ಇದ್ದವನಿಗೆ ಮನೆ ಕೊಡುವ ಯೋಜನೆಗಳೇ ಹೆಚ್ಚು, ಜಾಗವೇ ಇಲ್ಲದವನ ಸಾಲು ನಿವೇಶನ ಪಟ್ಟಿಯಲ್ಲೇ ನಿಂತಿರುತ್ತದೆ.

ಏರಿ ಮೇಲಿನವರಿಗೆ ಉಳಿದಿರುವುದೂ ಆ ಪಟ್ಟಿಯೇ. ನಿವೇಶನಕ್ಕೆ ಅರ್ಜಿ ಪಂಚಾಯ್ತಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಬೇಕು. "ಆಗಂಗಿಲ್ಲ" ಅಂದರೆ ಅದನ್ನೂ ಬರೆದು ಕೊಡಿ ಅನ್ನಬೇಕು. ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ.