ಸಾಲಿನ ಕೊನೆಯವಳಿಗೆ ಸಿಕ್ಕ ಕಾಡು

ಚಾರಣಕ್ಕೆ ಹೊರಟಾಗ ಸಾಲಿನ ಮುಂದೆ ಒಬ್ಬರು, ಕೊನೆಗೆ ಒಬ್ಬರು ಇರಲೇಬೇಕು ಎನ್ನುವುದು ನಮ್ಮ ಬಾಟನಿ ಮೇಡಂ ಮಾಡಿದ್ದ ನಿಯಮ. ಮುಂದಿನವರಿಗೆ ದಾರಿ ಗೊತ್ತಿರಬೇಕು. ಕೊನೆಯವರಿಗೆ ತಾಳ್ಮೆ ಇರಬೇಕು. ಯಾರು ಎಷ್ಟೇ ನಿಧಾನ ನಡೆದರೂ ಅವರನ್ನು ದಾಟಿ ಹೋಗುವಂತಿಲ್ಲ. ಅವರು ಕೂತರೆ ಕೂರಬೇಕು, ಎದ್ದರೆ ಏಳಬೇಕು.

ನಾನು ಬಿ.ಎಸ್ಸಿ.ಗೆ ಸೇರಿದ್ದು 2002ರಲ್ಲಿ. ಗೆಳತಿಯರೆಲ್ಲ ಚಾರಣ ಸಂಘಕ್ಕೆ ಹೆಸರು ಕೊಟ್ಟರು ಅಂತ ನಾನೂ ಕೊಟ್ಟೆ. ಮೊದಲ ಚಾರಣ ಗಡಾಯಿಕಲ್ಲಿಗೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್‌ನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಬೇರೆ ಬಸ್ಸು. ಕೆಳಗೆ ನಿಂತು ನೋಡಿದರೆ ಒಂದೇ ಬಂಡೆ, ಆಕಾಶಕ್ಕೆ ಎದ್ದು ನಿಂತಿದೆ. ಅದರ ಮೇಲೆ ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ. ಹತ್ತುವುದಕ್ಕೆ ಕಲ್ಲಿನಲ್ಲೇ ಕಡಿದ ಮೆಟ್ಟಿಲು. ಮೇಡಂ ಎಲ್ಲರನ್ನೂ ಒಮ್ಮೆ ನೋಡಿ, "ನೀನು ಕೊನೆಗೆ ಬಾ. ಯಾರೂ ಹಿಂದೆ ಉಳಿಯಬಾರದು" ಎಂದರು.

ಬುಡದ ಅಡಿಕೆ ತೋಟದ ಹತ್ತಿರವೇ ಒಬ್ಬಳಿಗೆ ಚಪ್ಪಲಿ ಕಚ್ಚಿ ಕಾಲು ಸುಲಿದುಹೋಗಿತ್ತು. ಅವಳು ಬಟ್ಟೆ ಸುತ್ತಿಕೊಳ್ಳುವವರೆಗೆ ನಾನು ಸುಮ್ನೆ ನಿಂತಿದ್ದೆ. ಎದುರಿನ ಅಡಿಕೆ ಮರದಲ್ಲಿ ಏನೋ ಹಳದಿ ಮಿಂಚಿತು, ಮಾಯವಾಯಿತು. ಮತ್ತೆ ಮಿಂಚಿತು. ಎಲೆಯೂ ಅಲ್ಲ, ಚಿಟ್ಟೆಯೂ ಅಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ, ಮರದ ಬಣ್ಣದ್ದೇ ಒಂದು ಓತಿ ಕಾಂಡಕ್ಕೆ ಅಂಟಿಕೊಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಿಚ್ಚಿ ಮಡಚುತ್ತಿತ್ತು. ಆಮೇಲೆ ಅದು ಮರ ಬಿಟ್ಟಿತು. ಎರಡೂ ಬದಿಯ ಚರ್ಮ ಅಗಲವಾಗಿ, ತೇಲಿಕೊಂಡು ಹೋಗಿ ಮೂರನೆಯ ಮರಕ್ಕೆ ಅಂಟಿತು. ಹಾರುವ ಓತಿ. ಪಕ್ಕೆಲುಬುಗಳನ್ನೇ ಹೊರಚಾಚಿ ಆ ಚರ್ಮವನ್ನು ಬಿಗಿ ಹಿಡಿಯುತ್ತದೆ, ಗಂಟಲಿನ ಹಳದಿ ತೋರಿಸುವುದು ಗಂಡು ಎಂದೆಲ್ಲ ಮೇಡಂ ಹೇಳಿದ್ದು ಆಮೇಲೆ. ಮುಂದೆ ಹೋದ ಮೂವತ್ತು ಜನರೂ ಅದೇ ಮರದ ಕೆಳಗೆ ಹಾದುಹೋಗಿದ್ದರು.

ನಾವಿಬ್ಬರು ಮೇಲೆ ತಲುಪುವಾಗ ಉಳಿದವರು ಊಟದ ಪೊಟ್ಟಣ ಬಿಚ್ಚಿಯಾಗಿತ್ತು. ಎದುರಿಗೆ ಕುದುರೆಮುಖದ ಬೆಟ್ಟಗಳ ಸಾಲು. ಆಗ ಅಲ್ಲಿ ಇನ್ನೂ ಗಣಿಗಾರಿಕೆ ನಡೆಯುತ್ತಿತ್ತು. ಅದಿರನ್ನು ನೀರಲ್ಲಿ ಕಲಸಿ ಸುಮಾರು 67 ಕಿ.ಮೀ. ಉದ್ದದ ಪೈಪಿನಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಮಂಗಳೂರಿಗೂ ಆ ಬೆಟ್ಟಕ್ಕೂ ಇರುವ ನಂಟು ಅಷ್ಟೇ ಅಂತ ನಾನು ತಿಳಿದಿದ್ದೆ. "ನಾವು ಕುಡಿಯುವ ನೇತ್ರಾವತಿ ಆ ಕಡೆಯಿಂದಲೇ ಇಳಿದು ಬರುವುದು" ಎಂದರು ಮೇಡಂ. 2005ರ ಕೊನೆಗೆ ಗಣಿ ನಿಂತ ಸುದ್ದಿ ಓದಿದಾಗ ನನಗಾದ ಸಂತೋಷಕ್ಕೆ ಆ ಒಂದು ಮಾತೇ ಕಾರಣ.

ಹಾರುವ ಓತಿಯ ಕಥೆಯನ್ನು ನಾನು ಬಸ್ಸಿನಲ್ಲೂ ಹೇಳಿದೆ, ಹಾಸ್ಟೆಲಿನಲ್ಲೂ ಹೇಳಿದೆ. ಎಷ್ಟು ಹೇಳಿದರೂ ಆ ಹಳದಿಯನ್ನು ತೋರಿಸುವುದಕ್ಕೆ ಆಗಲಿಲ್ಲ. ಆ ಸಂಕಟ ಮೇಡಂಗೆ ಅರ್ಥವಾಗಿರಬೇಕು. ಸೋಮವಾರ ಕರೆದು, ವಿಭಾಗದ ಕಪಾಟಿನಿಂದ ನಿಕಾನ್ ಎಫ್‌ಎಂ10 ಕ್ಯಾಮೆರಾ ತೆಗೆದು ಕೈಗಿಟ್ಟರು. ಎಲ್ಲವನ್ನೂ ಕೈಯಲ್ಲೇ ತಿರುಗಿಸುವ ಕ್ಯಾಮೆರಾ. ಬೆಳಕು ಅಳೆಯುವುದಕ್ಕಷ್ಟೇ ಬ್ಯಾಟರಿ. ಬ್ಯಾಟರಿ ಸತ್ತರೂ ಶಟರ್ ಬೀಳುತ್ತದೆ. ಒಂದು ರೋಲಿಗೆ 36 ಫೋಟೋ, ರೋಲಿನ ದುಡ್ಡು ನಮ್ಮದೇ. ಆದ್ದರಿಂದ ಒತ್ತುವುದಕ್ಕಿಂತ ನೋಡುವುದೇ ಜಾಸ್ತಿ. ಇವತ್ತು ಡಿಜಿಟಲ್ ಕ್ಯಾಮೆರಾ ಕೈಯಲ್ಲಿದ್ದರೂ ಆ ಅಭ್ಯಾಸ ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ.

ಕ್ಯಾಮೆರಾ ಬಂದ ಮೇಲೆ ಸಾಲಿನ ಕೊನೆಯ ಜಾಗವನ್ನು ನಾನೇ ಕೇಳಿ ಪಡೆಯುತ್ತಿದ್ದೆ. ಮುಂದೆ ನಡೆಯುವವರಿಗೆ ತುದಿ ಸಿಗುತ್ತದೆ, ದಿಗಂತ ಸಿಗುತ್ತದೆ, ನಿಜ. ಕೊಡಚಾದ್ರಿಯ ಸೂರ್ಯಾಸ್ತ ಬೇಡ ಅನ್ನುವವರು ಯಾರು? ಆದರೆ ಮಂಡಿ ನೋವಿನವರ ಜೊತೆ ಕಲ್ಲಿನ ಮೇಲೆ ಕೂತವರಿಗೆ ಮಾತ್ರ ಸಿಗುವ ಲೋಕ ಒಂದಿದೆ.

ಮಾರನೆಯ ವರ್ಷದ ಜೂನ್. ಕಾಲೇಜು ಶುರುವಾಗಿತ್ತು, ಮಳೆಯೂ ಹಿಡಿದಿತ್ತು. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಸೀತಾನದಿಯ ಕಡೆಯ ಕಾಡಿಗೆ ಹೋಗಿದ್ದೆವು. ಜಿಗಣೆಗೆಂದು ಎಲ್ಲರ ಕಾಲಿಗೂ ಹೊಗೆಸೊಪ್ಪಿನ ನೀರು. ಜೂನಿಯರ್ ಹುಡುಗಿಯೊಬ್ಬಳು ಸುಸ್ತಾಗಿ ದಾರಿ ಬದಿಯ ಹೊಂಡದ ಹತ್ತಿರ ಕೂತಳು. "ಅಕ್ಕಾ, ಆ ಎಲೆಯಲ್ಲಿ ಎಂತದು?" ಎಂದು ಕೇಳಿದ್ದು ಅವಳೇ. ನೀರಿನ ಮೇಲಕ್ಕೆ ಬಾಗಿದ ಕೊಂಬೆಯಲ್ಲಿ, ಎಲೆಗಳ ನಡುವೆ, ಕಡೆದ ಮಜ್ಜಿಗೆಯ ನೊರೆಯ ಹಾಗೆ ಬಿಳಿ ಮುದ್ದೆ. ಎಲೆಯ ಅಂಚುಗಳು ಅದಕ್ಕೆ ಅಂಟಿ ಒಳಗೆ ಮಡಚಿಕೊಂಡಿದ್ದವು.

ಅದು ಹಾರುವ ಕಪ್ಪೆಯ ಗೂಡು. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಪೊರೆ ಇರುವ ಮಲಬಾರ್ ಹಾರುವ ಕಪ್ಪೆ. ಮೊಟ್ಟೆ ಇಡುವಾಗ ಹಿಂಗಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸುತ್ತದೆ. ಹೊರಗಿನ ನೊರೆ ಒಣಗಿ ಸಿಪ್ಪೆಯಾಗುತ್ತದೆ, ಒಳಗೆ ಮೊಟ್ಟೆಗಳು ಒದ್ದೆಯಾಗಿಯೇ ಇರುತ್ತವೆ. ಕೆಲವು ದಿನಗಳಲ್ಲಿ ಮರಿಗಳು ಹೊರಬಂದು, ನೊರೆ ಕರಗಿ, ನೇರ ಕೆಳಗಿನ ನೀರಿಗೆ ಬೀಳುತ್ತವೆ.

ಬೆಳಕು ಬಹಳ ಕಡಿಮೆ ಇತ್ತು. ನಾನು ಕೊಂಬೆಯನ್ನು ಸ್ವಲ್ಪ ಬೆಳಕಿಗೆ ತಿರುಗಿಸೋಣವಾ ಎಂದು ಕೇಳಿದಾಗ ಮೇಡಂ ಹೇಳಿದ್ದು ನನ್ನ ಇಡೀ ಫೋಟೋಗ್ರಫಿಗೆ ಕಾನೂನಾಯಿತು: "ಬೇಡ. ಎಲೆ ನೀರಿನ ಮೇಲಿಂದ ಒಂದು ಗೇಣು ಸರಿದರೂ ಮರಿಗಳು ಮಣ್ಣಿಗೆ ಬೀಳುತ್ತವೆ. ನೀನೇ ಜಾಗ ಬದಲಿಸು." ನಾನೇ ಹೊಂಡದ ಆಚೆ ಬದಿಗೆ ಹೋದೆ. ಟ್ರೈಪಾಡ್ ಕಾಲುಗಳನ್ನು ಕೆಸರಿಗೆ ಒತ್ತಿ, ಗಾಳಿ ನಿಲ್ಲುವವರೆಗೆ ಕಾದು ಶಟರ್ ಒತ್ತಿದೆ. ಅಷ್ಟು ಹತ್ತಿರದಿಂದ ತೆಗೆಯುವಾಗ ಫೋಕಸ್‌ನಲ್ಲಿ ನಿಲ್ಲುವುದು ಕೆಲವೇ ಮಿಲಿಮೀಟರ್ ಜಾಗ. ವ್ಯೂಫೈಂಡರ್‌ನಲ್ಲಿ ನೊರೆಯ ಒಂದೊಂದು ಗುಳ್ಳೆಯೂ ಬೇರೆ ಬೇರೆ ಕಾಣುತ್ತಿತ್ತು. ಒಂದು ಗುಳ್ಳೆಯ ಹಿಂದೆ ಕಪ್ಪು ಬಾಲವೊಂದು ಅಲುಗಿತು. ಜೂನಿಯರ್ ಹುಡುಗಿಗೂ ತೋರಿಸಿದೆ. ಅವಳು ಸುಸ್ತು ಮರೆತು ಕೂಗಿಯೇ ಬಿಟ್ಟಳು.

ಹಂಪನಕಟ್ಟೆಯ ಕಲರ್ ಲ್ಯಾಬ್‌ನಲ್ಲಿ ಪ್ರಿಂಟ್ ಕೊಡುವಾಗ ಅಂಗಡಿಯವರು "ಇದು ಎಂತ, ಸೋಪಿನ ನೊರೆಯಾ?" ಎಂದು ಕೇಳಿದರು. ವಿವರಿಸಿದ ಮೇಲೆ ಒಳಗಿದ್ದವರನ್ನೂ ಕರೆದು ತೋರಿಸಿದರು. ಗಡಾಯಿಕಲ್ಲಿನ ಓತಿಯ ವಿಷಯದಲ್ಲಿ ನನ್ನಿಂದ ಆಗದೇ ಹೋದದ್ದು ಅವತ್ತು ಆಯಿತು.

ನಮ್ಮ ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ; ಗಾಜಿನ ಒಳಗೆ ಬೆಳೆದರೆ ಒರೆಸುವುದಕ್ಕೂ ಬರುವುದಿಲ್ಲ. ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಅಣ್ಣ ನನಗೆ ಒಂದು ಮುಷ್ಟಿ ಸಿಲಿಕಾ ಜೆಲ್ ಕೊಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಲೆನ್ಸಿನ ಜೊತೆ ಇಡಲು ಹೇಳಿದರು. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿ. ಆ ಅಣ್ಣನ ಉಪಾಯದಲ್ಲೇ ನನ್ನ ಲೆನ್ಸುಗಳು ಇವತ್ತಿಗೂ ಚೆನ್ನಾಗಿವೆ.

ಈಗ ನಾನು ಬ್ಯಾಂಕ್ ಕೆಲಸದಲ್ಲಿದ್ದೇನೆ. ರಜೆ ಸಿಕ್ಕಿದಾಗೆಲ್ಲ ನಡೆಯುತ್ತೇನೆ. ತೆಗೆದ ಫೋಟೋಗಳನ್ನು ದಿನಾಂಕ, ಜಾಗದ ಜೊತೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ಹಾಕುತ್ತೇನೆ. ಗೊತ್ತಿಲ್ಲದ ಗಿಡದ ಹೆಸರನ್ನು ಯಾವುದೋ ಊರಿನ ತಜ್ಞರು ಹೇಳುತ್ತಾರೆ. ಆ ಖುಷಿಯೇ ಬೇರೆ.

ಕಾಡಿಗೇ ಹೋಗಬೇಕೆಂದಿಲ್ಲ. ಕೊಣಾಜೆ, ಮೂಡುಬಿದಿರೆ ಕಡೆಯ ಮುರಕಲ್ಲಿನ ಪದವುಗಳನ್ನು, ಅಂದರೆ ಕಲ್ಲುಹಾಸಿನ ಬಯಲುಗಳನ್ನು, ಬೇಸಗೆಯಲ್ಲಿ ನೋಡಿದವರು ಬರೀ ಬಂಜರು ಎನ್ನುತ್ತಾರೆ. ಅದೇ ಮಾತು ಹೇಳಿ ಕೋರೆಗೆ, ಸೈಟಿಗೆ ಕೊಟ್ಟೂ ಬಿಡುತ್ತಾರೆ. ನನಗೆ ತುಂಬ ನೋವಾಗುವ ವಿಷಯ ಇದು. ಮಳೆಗಾಲದಲ್ಲಿ ಅಲ್ಲಿ ಬಗ್ಗಿ ನೋಡಿ. ನೀರು ಜಿನುಗುವ ಕಲ್ಲಿನ ಮೇಲೆ ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡದ ನೇರಳೆ ಹೂಗಳು. ಪಕ್ಕದಲ್ಲಿ ಡ್ರಾಸೆರಾ ಎಂಬ ಇನ್ನೊಂದು ಗಿಡ, ಅದರ ಪ್ರತಿ ರೋಮದ ತುದಿಯಲ್ಲೂ ಅಂಟಿನ ಹನಿ, ಹನಿಗೆ ಸಿಕ್ಕಿಬಿದ್ದ ನುಸಿ. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರವಿಲ್ಲ, ಅದಕ್ಕೇ ಈ ಗಿಡಗಳು ಹುಳ ಹಿಡಿದು ಬದುಕುತ್ತವೆ.

ಬರುವ ಆಗಸ್ಟ್‌ನ ಕೊನೆಯ ಭಾನುವಾರ ಈಗಿನ ಚಾರಣ ಸಂಘದವರನ್ನು ಅಂಥ ಒಂದು ಮುರಕಲ್ಲಿನ ಪದವಿಗೆ ಕರೆದುಕೊಂಡು ಹೋಗಲು ಪ್ರಾಂಶುಪಾಲರು ಒಪ್ಪಿದ್ದಾರೆ. ಬರುವವರು ಬಾಟನಿ ವಿಭಾಗದಲ್ಲಿ ಹೆಸರು ಕೊಡಿ. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ಸಾಕು. ಲೆನ್ಸ್ ಒರೆಸಲು ಒಣ ಬಟ್ಟೆ ಇರಲಿ, ಕಲ್ಲಿನ ಮೇಲೆ ಹಾಸಿ ಮಲಗಲು ಒಂದು ಹಳೆಯ ರೈನ್‌ಕೋಟ್ ಕೂಡ ತನ್ನಿ.